ಮೂರು ತಿಂಗಳ ಸಂಬಳ

ನಮ್ಮ ಕೇರಿಯಲ್ಲಿ ವಿಧಾನಸೌಧ ಎಲ್ಲಿದೆ ಅಂತ ಗೊತ್ತಿಲ್ಲದ ಮುದುಕಿ ಸಿಕ್ಕಾಳು, ಪೊಲೀಸ್ ಸ್ಟೇಷನ್ ಎಲ್ಲಿದೆ ಅಂತ ಗೊತ್ತಿಲ್ಲದ ಮಗು ಸಿಗಲಾರದು. ಊರೊಳಗೆ ಗೌಡರ ಪಂಪ್‌ಸೆಟ್ಟಿನ ವೈರು ಹೋಗಲಿ, ಯಾರದೋ ಮನೆಯ ತಂಬಿಗೆ ಹೋಗಲಿ, ಜೀಪು ಮೊದಲು ಬಂದು ನಿಲ್ಲುವುದು ಕೇರಿಯ ಬೇವಿನ ಮರದ ಕೆಳಗೆ. ಯಾರು ಕದ್ದರು ಅಂತ ಕೇಳುವುದಿಲ್ಲ. 'ಹತ್ರೋ' ಅಂತಾರೆ, ಅಷ್ಟೆ. ಹತ್ತಿದವರು ಎರಡು ದಿನಕ್ಕೋ ನಾಲ್ಕು ದಿನಕ್ಕೋ ವಾಪಸು ಬರುತ್ತಾರೆ. ಬಂದವರು ವಾರಗಟ್ಟಲೆ ಅಂಗಾತ ಮಲಗುವುದಿಲ್ಲ, ಬೋರಲು ಮಲಗುತ್ತಾರೆ. ಏನಾಯ್ತು ಅಂತ ಯಾರೂ ಕೇಳುವುದಿಲ್ಲ. ಅವ್ವಂದಿರು ಸುಮ್ಮನೆ ಎಣ್ಣೆ ಕಾಯಿಸುತ್ತಾರೆ, ಅರಿಶಿನ ಅರೆಯುತ್ತಾರೆ.

ನಾವು ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೇ ತಲೆಮಾರು. ಇತಿಹಾಸದ ಪಾಠದಲ್ಲಿ ನಮಗೆ ಪಾಣಿಪತ್ತಿನ ಮೂರು ಯುದ್ಧ ಕಲಿಸಿದರು, ಅಶೋಕ ನೆಡಿಸಿದ ಸಾಲುಮರ ಕಲಿಸಿದರು. ಬೋರಲು ಮಲಗಿದವರ ಇತಿಹಾಸ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಹಾಗಂತ ಅದನ್ನು ಯಾರೂ ಬರೆದಿಟ್ಟಿಲ್ಲ ಅಂದುಕೊಂಡಿದ್ದರೆ ತಪ್ಪು. ಬರೆದಿಟ್ಟಿದ್ದಾರೆ. ಆಳಿದವರೇ ಬರೆದಿಟ್ಟಿದ್ದಾರೆ. ನೂರ ಎಪ್ಪತ್ತು ವರ್ಷದಿಂದ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಾರೆ ಅನ್ನುವುದೇ ನಮ್ಮ ತಕರಾರು.

1854ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮದ್ರಾಸ್ ಪ್ರಾಂತ್ಯದ ಕಂದಾಯ ವಸೂಲಿಯ ಮಾತು ಬಂತು. ಕಂಪನಿ ಸರ್ಕಾರದ ಜನ ರೈತರನ್ನು ಹಿಂಸೆ ಮಾಡಿ ತೆರಿಗೆ ಕಕ್ಕಿಸುತ್ತಾರೆ ಅಂತ ಆರೋಪ. ಮೊದಲು ಇಲ್ಲವೇ ಇಲ್ಲ ಅಂದರು. ಆಮೇಲೆ ವಿಚಾರಿಸಲು ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ಕೂರಿಸಿದರು. 1855ರಲ್ಲಿ ಅದರ ವರದಿ ಬಂತು. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯ, ಕೆನರಾ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯ. ಅಂದರೆ ಈ ವರದಿ ನಮ್ಮ ಕನ್ನಡದ ಜನರ ಮೈಮೇಲಿನ ಬಾಸುಂಡೆಯ ಲೆಕ್ಕವೂ ಹೌದು.

ಆ ವರದಿಯಲ್ಲಿ ಕಿಟ್ಟಿ ಎಂಬ ಸಾಮಾನಿನ ವರ್ಣನೆ ಉಂಟು. ಎರಡು ಕೋಲು, ಒಂದು ತುದಿ ಕಟ್ಟಿರುತ್ತದೆ. ನಡುವೆ ಬೆರಳಿಟ್ಟು ನಿಂಬೆಹಣ್ಣು ಹಿಂಡುವ ಹಾಗೆ ಹಿಂಡುವುದು. ಇನ್ನೊಂದು, ಮನುಷ್ಯನನ್ನು ಬಗ್ಗಿಸಿ ತಲೆಯನ್ನು ಕಾಲಿಗೆ ಕಟ್ಟಿ ಬಿಸಿಲಿಗೆ ನಿಲ್ಲಿಸುವುದು. ಬೆನ್ನ ಮೇಲೆ ಕಲ್ಲು ಹೇರುವುದು. ಕಣ್ಣಿಗೆ ಖಾರದ ಪುಡಿ. ಜುಟ್ಟನ್ನು ಕತ್ತೆಯ ಬಾಲಕ್ಕೋ ಎಮ್ಮೆಯ ಬಾಲಕ್ಕೋ ಕಟ್ಟುವುದು. ಹೊಕ್ಕಳ ಮೇಲೆ ಕೊರೆಯುವ ಹುಳ ಬಿಟ್ಟು ಮೇಲೆ ತೆಂಗಿನ ಚಿಪ್ಪು ಮುಚ್ಚಿ ಕಟ್ಟುವುದು. ಇದೆಲ್ಲ ಒಂದು ರೂಪಾಯಿ, ಎರಡು ರೂಪಾಯಿ ಬಾಕಿಗೆ. ಆ ಕಾಲದಲ್ಲಿ ಕಂದಾಯದ ತಹಸೀಲ್ದಾರನೇ ಪೊಲೀಸಿನ ಯಜಮಾನ. ವಸೂಲಿ ಮಾಡುವ ಕೈಯೂ ಅದೇ, ಕಳ್ಳತನ ಒಪ್ಪಿಸುವ ಕೈಯೂ ಅದೇ. ದೂರು ಹೇಳಲು ಜನ ದೂರದೂರದ ಜಿಲ್ಲೆಗಳಿಂದ ಮದ್ರಾಸಿನವರೆಗೂ ಹೋದರು. ಕಿಟ್ಟಿಗೆ ಸಿಕ್ಕ ಬೆರಳು ಹೊತ್ತುಕೊಂಡು ಹೋಗಿದ್ದಾರೆ. ನಮ್ಮ ಜನಕ್ಕೆ ನ್ಯಾಯ ಕೇಳುವ ಧೈರ್ಯವಿರಲಿಲ್ಲ ಅನ್ನುವ ಪ್ರೊಫೆಸರುಗಳು ಇದನ್ನು ಓದಬೇಕು.

ಆಯೋಗ ಹಿಂಸೆ ನಿಜ ಅಂದಿತು. ಅಷ್ಟರಮಟ್ಟಿಗೆ ಪ್ರಾಮಾಣಿಕ. ಆದರೆ ತಪ್ಪು ಯಾರದು ಅನ್ನುವಾಗ ಬಿಳಿಯ ಕಲೆಕ್ಟರನನ್ನು ಬಿಟ್ಟಿತು. ಇದು ಕರಿಯರು ಕರಿಯರಿಗೆ ಮಾಡುವ ಹಿಂಸೆ, ಜನ ನಮ್ಮಿಂದಲೇ ರಕ್ಷಣೆ ಬಯಸುತ್ತಿದ್ದಾರೆ ಅನ್ನುವ ಧಾಟಿ. ವಸೂಲಿ ಎಷ್ಟಾಗಬೇಕು ಅಂತ ಆಜ್ಞೆ ಬರೆದವನಿಗೆ ಅದು ಹೇಗೆ ಆಗುತ್ತಿದೆ ಅಂತ ಗೊತ್ತಿರಲಿಲ್ಲವಂತೆ! 1857ರ ಸೆಪ್ಟೆಂಬರಿನಲ್ಲಿ, ಸಿಪಾಯಿಗಳ ಕ್ರೌರ್ಯದ ಬಗ್ಗೆ ಇಂಗ್ಲಿಷ್ ಪತ್ರಿಕೆಗಳು ಬೊಬ್ಬೆ ಹೊಡೆಯುತ್ತಿದ್ದಾಗ, ಕಾರ್ಲ್ ಮಾರ್ಕ್ಸ್ ಇದೇ ವರದಿಯನ್ನು ಎತ್ತಿಕೊಂಡು ನ್ಯೂಯಾರ್ಕಿನ ಪತ್ರಿಕೆಗೆ ಬರೆದ. ಈ ಜಾಣ ಬಿಡುಗಡೆಯನ್ನೇ ಅವನು ಹಿಡಿದು ಕೇಳಿದ್ದು. ಹೊಡೆದ ಕೈಯನ್ನು ತೋರಿಸಿ ಹೊಡೆಸಿದ ಬಾಯಿಯನ್ನು ಮುಚ್ಚಿಡುವ ವಿದ್ಯೆ ಈ ದೇಶದ ಆಡಳಿತಕ್ಕೆ ಬಂದದ್ದು ಅಲ್ಲಿಂದ. ಇದನ್ನು ಮರೆಯಬಾರದು, ಮುಂದೆ ಬೇಕಾಗುತ್ತದೆ.

ವರದಿ ಆದ ಮೇಲೆ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1860ರಲ್ಲಿ ದಂಡಸಂಹಿತೆ. ಅದರ 330ನೇ ಕಲಮು ತಪ್ಪೊಪ್ಪಿಗೆಗಾಗಿ ಗಾಯ ಮಾಡುವುದು ಅಪರಾಧ ಅನ್ನುತ್ತದೆ, ಏಳು ವರ್ಷದವರೆಗೆ ಶಿಕ್ಷೆ. ಕಾನೂನು ಓದುವ ಗೆಳೆಯರು ಆ ಕಲಮಿನ ಕೆಳಗಿನ ಉದಾಹರಣೆಗಳನ್ನು ನೋಡಬೇಕು. ಮೊದಲನೆಯ ಉದಾಹರಣೆಯ ಅಪರಾಧಿ ಯಾರು? ಒಬ್ಬ ಪೊಲೀಸ್ ಅಧಿಕಾರಿ. ಎರಡನೆಯದರಲ್ಲಿ? ಮತ್ತೆ ಪೊಲೀಸ್ ಅಧಿಕಾರಿ, ಕದ್ದ ಮಾಲು ಎಲ್ಲಿದೆ ಹೇಳು ಅಂತ ಹಿಂಸೆ ಮಾಡುವವನು. ಮೂರನೆಯವನು ಕಂದಾಯ ಅಧಿಕಾರಿ. ನಾಲ್ಕನೆಯವನು ಜಮೀನ್ದಾರ. ನಮ್ಮ ಕೇರಿಯ ಯಾವ ಹೆಬ್ಬೆಟ್ಟಿನ ಅಜ್ಜನನ್ನು ಕೇಳಿದರೂ ಇದೇ ಪಟ್ಟಿಯನ್ನು ಇದೇ ಕ್ರಮದಲ್ಲಿ ಹೇಳಿಯಾನು. ಕಳ್ಳನಿಗೂ ಕೊಲೆಗಾರನಿಗೂ ಕಾನೂನಿನ ಪುಸ್ತಕದಲ್ಲಿ ಹೆಸರಿಲ್ಲ, ಕಸುಬಿಲ್ಲ. ಬರೀ 'ಎ', 'ಬಿ'. ಇಲ್ಲಿ ಮಾತ್ರ 'ಎ'ಗೆ ಯೂನಿಫಾರಂ ಉಂಟು. ಬರೆದವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಮಿನ ನಂಬರು 120 ಆಗಿದೆ. ಪೊಲೀಸ್ ಅಧಿಕಾರಿಯ ಉದಾಹರಣೆ ಹಾಗೇ ಉಳಿದಿದೆ.

1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಅದರ 29ನೇ ಕಲಮಿನಲ್ಲಿ ಪೊಲೀಸರ ತಪ್ಪುಗಳ ಪಟ್ಟಿ ಇದೆ. ರಜೆ ಇಲ್ಲದೆ ಹೋಗುವುದು, ಹೇಡಿತನ ತೋರಿಸುವುದು, ಜೊತೆಗೆ ವಶದಲ್ಲಿರುವ ಮನುಷ್ಯನ ಮೇಲೆ ಸಲ್ಲದ ಹಲ್ಲೆ ಮಾಡುವುದು. ಎಲ್ಲಕ್ಕೂ ಒಂದೇ ರೇಟು: ಹೆಚ್ಚೆಂದರೆ ಮೂರು ತಿಂಗಳ ಸಂಬಳ ದಂಡ, ಅಥವಾ ಮೂರು ತಿಂಗಳ ಜೈಲು, ಅಥವಾ ಎರಡೂ. ಹೊರಗಿನವನು ಹಿಂಸೆ ಮಾಡಿದರೆ ದಂಡಸಂಹಿತೆಯಲ್ಲಿ ಏಳು ವರ್ಷ. ಮನೆಯವನು ಮಾಡಿದರೆ ಸಂಬಳದಲ್ಲಿ ಕಡಿತ. ಎರಡು ಬಾಗಿಲನ್ನೂ ತೆರೆದಿಟ್ಟರು. ಇಲಾಖೆ ಯಾವ ಬಾಗಿಲಲ್ಲಿ ಹೋಗುತ್ತದೆ ಅಂತ ನಾವು ಹೇಳಬೇಕಾಗಿಲ್ಲ.

1872ರ ಸಾಕ್ಷ್ಯ ಕಾಯ್ದೆ ಇನ್ನೂ ಸ್ವಾರಸ್ಯ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತ 25 ಮತ್ತು 26ನೇ ಕಲಮುಗಳಲ್ಲಿ ಹೇಳಿದರು. ಅಂದರೆ ನಮ್ಮ ಪೊಲೀಸರ ಮಾತನ್ನು ನಾವೇ ನಂಬುವುದಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿತು. ಆದರೆ 27ನೇ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟರು. ಆರೋಪಿ ಹೇಳಿದ ಮಾತಿನಿಂದ ಮಾಲು ಪತ್ತೆಯಾದರೆ, ಅಷ್ಟು ಮಾತು ನಡೆಯುತ್ತದೆ. ಲಾಠಿ ಅಂದಿನಿಂದ ಆ ಕಿಂಡಿಯಲ್ಲೇ ಓಡಾಡುತ್ತಿದೆ. 'ತೋರಿಸ್ತೀಯೇನಲೇ' ಅನ್ನುವ ಮಾತು ಎಲ್ಲ ಠಾಣೆಯಲ್ಲೂ ಕೇಳುವುದು ಯಾಕೆ ಅಂದರೆ ಕಾನೂನಿಗೆ ಬೇಕಾದ್ದು ಅದೊಂದೇ. ಕದ್ದಿಲ್ಲದವನು ಏನು ತೋರಿಸಬೇಕು? ಅಪರಾಧಿಗೆ ಒಂದು ಹಂತದಲ್ಲಿ ಹೊಡೆತ ನಿಂತೀತು, ಮಾಲು ಸಿಗುತ್ತದೆ. ನಿರಪರಾಧಿಗೆ ನಿಲ್ಲುವ ದಾರಿಯೇ ಇಲ್ಲ.

ಹಿಂದಿನ ವರ್ಷ, 1871ರಲ್ಲಿ, ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಆಗಿತ್ತು. 1911ರ ಕಾಯ್ದೆಯಿಂದ ಅದು ದಕ್ಷಿಣಕ್ಕೂ ಬಂತು. ಹುಟ್ಟಿದ ಕೂಸೇ ಕಳ್ಳ. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಕೊರಮ, ಕೊರಚರಂಥ ಜನ ಉಪ್ಪು ಹೊತ್ತು ಮಾರುತ್ತ, ಬುಟ್ಟಿ ಹೆಣೆಯುತ್ತ ಊರೂರು ತಿರುಗುತ್ತಿದ್ದವರು. ತಿರುಗುವುದೇ ಅಪರಾಧವಾಯಿತು. ಹುಬ್ಬಳ್ಳಿ, ಬಿಜಾಪುರ, ಗದಗಿನಲ್ಲಿ ಅವರನ್ನು ಬೇಲಿಯೊಳಗೆ ಕೂಡಿದರು. ಹುಬ್ಬಳ್ಳಿಯಲ್ಲಿ ಈಗಲೂ ಆ ಜಾಗಕ್ಕೆ ಸೆಟ್ಲಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ಕ್ಕೆ ಕಾಯ್ದೆ ಹೋಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮ ರಾಜ್ಯದಲ್ಲಿ 1961ರದು. ನಮ್ಮ ಪರಿಶಿಷ್ಟ ಜಾತಿಗಳ ಸರ್ಕಾರಿ ಪಟ್ಟಿಯನ್ನೇ ತೆಗೆದು ನೋಡಿ, 'ಗಂಟಿಚೋರ್' ಅಂತ ಒಂದು ಜಾತಿಯ ಹೆಸರು ಇದೆ. ಚೋರ ಅಂತ ಹೆಸರಿಟ್ಟು ಸರ್ಟಿಫಿಕೇಟ್ ಕೊಡುವ ಸರ್ಕಾರ, ಆ ಸರ್ಟಿಫಿಕೇಟ್ ಹಿಡಿದ ಹುಡುಗನನ್ನು ಠಾಣೆಯಲ್ಲಿ ಹೇಗೆ ನೋಡೀತು?

ಸ್ವಾತಂತ್ರ್ಯ ಬಂದಾಗ ಬಾಬಾಸಾಹೇಬರು ಇದನ್ನೆಲ್ಲ ಬಲ್ಲವರಾಗಿ ಕೂತಿದ್ದರು. 1949ರ ಸೆಪ್ಟೆಂಬರಿನಲ್ಲಿ ಅವರು ಸಂವಿಧಾನ ಸಭೆಯ ಮುಂದೆ ಇಟ್ಟ ವಿಧಿಯೇ ಇವತ್ತಿನ 22ನೇ ವಿಧಿ. ಬಂಧಿಸಿದವನಿಗೆ ಕಾರಣ ಹೇಳಬೇಕು, ವಕೀಲನನ್ನು ಕಾಣಲು ಬಿಡಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಹಳೆಯ ಕಾನೂನಿನಲ್ಲೂ ಇತ್ತು. ಸಂವಿಧಾನದಲ್ಲೇ ಬರೆದರೆ ಮುಂದೆ ಬರುವ ಸರ್ಕಾರಗಳು ಅಳಿಸಲಾರವು ಎಂಬುದು ಅವರ ಲೆಕ್ಕ. ಅಳಿಸಲಿಲ್ಲ, ನಿಜ. ಠಾಣೆಗಳು ಕಂಡುಕೊಂಡ ಉಪಾಯ ಬೇರೆ. ಇಪ್ಪತ್ತನಾಲ್ಕು ಗಂಟೆ ಶುರುವಾಗುವುದು ಪುಸ್ತಕದಲ್ಲಿ ಬರೆದಾಗ. ಬರೆಯದಿದ್ದರೆ ಗಡಿಯಾರವೇ ಓಡುವುದಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ನಾಲ್ಕು ದಿನ ಕೂತವನು 'ಬಂಧಿತ' ಅಲ್ಲ, 'ವಿಚಾರಣೆಗೆ ಬಂದವನು'.

ಉತ್ತರ ಪ್ರದೇಶದ ಫತೇಪುರ ಜಿಲ್ಲೆ, ಹುಸೇನ್‌ಗಂಜ್ ಠಾಣೆ. ಬ್ರಿಜ್‌ಲಾಲ್ ಎಂಬ ರೈತನ ಮೇಲೆ ದನ ಮೇಯಿಸಿದ ಒಂದು ಚಿಲ್ಲರೆ ದೂರು. ಅದನ್ನು ಮುಚ್ಚಿಹಾಕಲು ಪೊಲೀಸರು ನೂರು ರೂಪಾಯಿ ಲಂಚ ಕೇಳಿದರು ಅಂತ ಅವನು ಎಸ್.ಪಿ.ಗೆ ಬರೆದ. ಎಸ್.ಪಿ. ಆ ಅರ್ಜಿಯನ್ನು ವಿಚಾರಿಸಿ ಅಂತ ಕಳಿಸಿದ್ದು ಅದೇ ಠಾಣೆಯ ಸಬ್ ಇನ್ಸ್‌ಪೆಕ್ಟರಿಗೆ! 1969ರ ಆಗಸ್ಟ್ 29ರ ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದ ಬ್ರಿಜ್‌ಲಾಲನನ್ನು ಹಿಡಿದರು. ಸಂಜೆ ಅವನು ಸತ್ತ. ನಡುವೆ ರಿಮ್ಯಾಂಡಿಗೆ ಅಂತ ಅವನನ್ನು ಕೋರ್ಟಿಗೆ ತಂದಿದ್ದರು. ಎದ್ದು ಒಳಗೆ ಬರಲಾರದೆ ವರಾಂಡದಲ್ಲಿ ಬಿದ್ದಿದ್ದ. ಆವತ್ತಿನ ಮ್ಯಾಜಿಸ್ಟ್ರೇಟರು ಕುರ್ಚಿ ಬಿಟ್ಟೆದ್ದು ಹೊರಗೆ ಬಂದು ಕೇಳಿದರು. ಠಾಣೆಯ ದರೋಗ, ಪೇದೆಗಳು ಹೊಡೆದರು ಅಂತ ಬ್ರಿಜ್‌ಲಾಲ್ ಹೇಳಿದ, ಅವರು ಬರೆದುಕೊಂಡರು. ಅಷ್ಟೇ ಸಾಕ್ಷಿ. ಅವರು ಕುರ್ಚಿಯಿಂದ ಏಳದಿದ್ದರೆ ಈ ಮೊಕದ್ದಮೆಯೇ ಇಲ್ಲ.

ಸೆಷನ್ಸ್ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟಿತು, ಸುಪ್ರೀಂ ಕೋರ್ಟು ಮತ್ತೆ ಶಿಕ್ಷೆ ಎತ್ತಿಹಿಡಿದದ್ದು 1985ರ ಜನವರಿಯಲ್ಲಿ. ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ನಮ್ಮ ಕೇರಿಗೆ ಗೊತ್ತಿದ್ದ ಮಾತನ್ನೇ ಹೇಳಿದರು: ಠಾಣೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಪೊಲೀಸರು ಮಾತ್ರ, ಅವರು ಅಣ್ಣತಮ್ಮಂದಿರ ಹಾಗೆ ಒಬ್ಬರನ್ನೊಬ್ಬರು ಕಾಯುತ್ತಾರೆ, ಆದ್ದರಿಂದ ರುಜುವಾತಿನ ಭಾರದ ಕಾನೂನನ್ನೇ ತಿದ್ದಬೇಕು. ಅದೇ ವರ್ಷ ಕಾನೂನು ಆಯೋಗ ತನ್ನ 113ನೇ ವರದಿಯಲ್ಲಿ ಒಂದು ಹೊಸ ಕಲಮು ಬರೆದುಕೊಟ್ಟಿತು. ಪೊಲೀಸರ ವಶದಲ್ಲಿದ್ದಾಗ ಗಾಯವಾಗಿದ್ದರೆ, ಆ ಗಾಯ ಪೊಲೀಸರೇ ಮಾಡಿದ್ದು ಅಂತ ಕೋರ್ಟು ಭಾವಿಸಬಹುದು. ಅಲ್ಲ ಅನ್ನುವುದಾದರೆ ಅವರು ತೋರಿಸಲಿ. 2017ರಲ್ಲಿ 273ನೇ ವರದಿಯಲ್ಲಿ ಅದನ್ನೇ ಮತ್ತೆ ಹೇಳಿದರು. 2023ರಲ್ಲಿ ಸಾಕ್ಷ್ಯ ಕಾಯ್ದೆಯೇ ಹೊಸ ಹೆಸರು ಹೊತ್ತು ಬಂತು. ಆ ಒಂದು ಕಲಮು ಮಾತ್ರ ಒಳಗೆ ಬರಲಿಲ್ಲ. ಸತ್ತವನೇ ಎದ್ದು ಬಂದು ರುಜುವಾತು ಮಾಡಬೇಕು ಅನ್ನುವುದು ಹಾಗೇ ನಡೆದಿದೆ.

ತುರ್ತು ಪರಿಸ್ಥಿತಿಯ ಮಾತು ಎತ್ತಿದರೆ ಎಲ್ಲರಿಗೂ ರಾಜನ್ ನೆನಪಾಗುತ್ತಾನೆ. ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ಹುಡುಗ. 1976ರ ಮಾರ್ಚ್ 1ರಂದು ಹಿಡಿದು ಕಕ್ಕಯಂ ಪೊಲೀಸ್ ಕ್ಯಾಂಪಿಗೆ ಒಯ್ದರು. ಬೆಂಚಿನ ಮೇಲೆ ಕಟ್ಟಿ ತೊಡೆಯ ಮೇಲೆ ಒನಕೆಯಂಥ ಮರದ ದಿಮ್ಮಿ ಉರುಳಿಸುವುದು ಅಲ್ಲಿಯ ಪದ್ಧತಿ. ತಂದೆ ಈಚರ ವಾರಿಯರ್ ಮೇಷ್ಟ್ರು. ಅವರು ಹೈಕೋರ್ಟಿನಲ್ಲಿ ಹಾಕಿದ ಒಂದು ಅರ್ಜಿಯಿಂದ 1977ರ ಏಪ್ರಿಲಿನಲ್ಲಿ ಕರುಣಾಕರನ್ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಮಗನ ಹೆಣ ಮಾತ್ರ ಕೊನೆವರೆಗೂ ಸಿಗಲಿಲ್ಲ. ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನರಳಿದ ಸ್ನೇಹಲತಾ ರೆಡ್ಡಿಯವರನ್ನು 1977ರ ಜನವರಿಯಲ್ಲಿ ಬಿಟ್ಟರು, ಐದು ದಿನಕ್ಕೆ ತೀರಿಕೊಂಡರು. ಈ ಹೆಸರುಗಳಿಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಮಾತು ಹೇಳದೆ ವಿಧಿಯಿಲ್ಲ. ಪೇಟೆಯ ಓದಿದ ಜನಕ್ಕೆ ಇಪ್ಪತ್ತೊಂದು ತಿಂಗಳು ತುರ್ತು ಪರಿಸ್ಥಿತಿ ಇತ್ತು. ಕೇರಿಗೆ ಅದು ಯಾವತ್ತು ಘೋಷಣೆಯಾಯಿತು, ಯಾವತ್ತು ಎತ್ತಿದರು ಅಂತ ಗೆಜೆಟ್ಟಿನಲ್ಲಿ ಬಂದಿಲ್ಲ.

ಒಡಿಶಾದ ಸುಂದರಗಢ ಜಿಲ್ಲೆಯ ಜೆರೈಕೆಲಾಕ್ಕೆ ಬರೋಣ. 1987ರ ಡಿಸೆಂಬರ್ 1. ಕಳ್ಳತನದ ವಿಚಾರಣೆ ಅಂತ ಸುಮನ್ ಬೆಹೆರಾ ಎಂಬ ಇಪ್ಪತ್ತೆರಡರ ಹುಡುಗನನ್ನು ಬೆಳಿಗ್ಗೆಯೇ ಹೊರಠಾಣೆಗೆ ಒಯ್ದರು. ರಾತ್ರಿ ಎಂಟರ ಹೊತ್ತಿಗೆ ಅವ್ವ ನೀಲಾಬತಿ ಊಟ ತಗೊಂಡು ಹೋದಳು. ಮಗ ಉಂಡ. ಮಾರನೆಯ ದಿನ ಅವನ ಹೆಣ ರೈಲು ಹಳಿಯ ಮೇಲೆ. ಪೊಲೀಸರ ಕಥೆ: ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ ರಾತ್ರಿ ಮೂರು ಗಂಟೆಗೆ ಓಡಿಹೋದ, ರೈಲಿಗೆ ಸಿಕ್ಕ.

ಹಗ್ಗ ಕಚ್ಚಿದನಂತೆ! ನಮ್ಮ ಠಾಣೆಗಳ ಕಥೆಗಾರರ ಬಗ್ಗೆ ಯಾವ ವಿಮರ್ಶಕರೂ ಬರೆದಿಲ್ಲ, ಬರೆಯಬೇಕು. ಎದೆನೋವು, ಬಾವಿಗೆ ಹಾರಿದ್ದು, ಪಂಚೆಯಲ್ಲಿ ನೇಣು ಹಾಕಿಕೊಂಡದ್ದು, ಕಕ್ಕಸಿನಲ್ಲಿ ಜಾರಿ ಬಿದ್ದದ್ದು. ಕಿಟಕಿ ಮೂರಡಿ ಎತ್ತರದಲ್ಲಿದ್ದರೂ ನೇಣು ನೇಣೇ.

ನೀಲಾಬತಿ 1988ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆಸಿದಳು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ ಅಂತ ತಗೊಂಡಿತು. ಜಿಲ್ಲಾ ನ್ಯಾಯಾಧೀಶರು ವಿಚಾರಿಸಿ, ಸಾವು ಪೊಲೀಸರ ವಶದಲ್ಲೇ ಆದದ್ದು ಅಂದರು. ಮೈಮೇಲಿನ ಗಾಯಗಳು ಲಾಠಿಯಂಥ ಮೊಂಡು ವಸ್ತುವಿನಿಂದ ಆಗಬಹುದಾದವು ಅಂತ ಡಾಕ್ಟರು ಹೇಳಿದರು. ಓಡಿಹೋದವನನ್ನು ಪೊಲೀಸರು ಹುಡುಕಿದ ಗುರುತೇ ಇರಲಿಲ್ಲ. 1993ರ ಮಾರ್ಚ್ 24ರಂದು ತೀರ್ಪು: ಅವ್ವನಿಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ. ರಾಜ್ಯ ತನ್ನ ಪೊಲೀಸರ ತಪ್ಪಿಗೆ ತಾನೇ ಹೊಣೆ, ಹಳೆಯ ದೊರೆಗಳ ಹಾಗೆ 'ನಮ್ಮನ್ನು ಕೇಳುವಂತಿಲ್ಲ' ಅನ್ನಲಾಗದು ಅಂತ ಕೋರ್ಟು ಗಟ್ಟಿಯಾಗಿ ಹೇಳಿದ್ದು ಈ ಅವ್ವನ ಕಾಗದದಿಂದ. ಕಾನೂನು ಕಾಲೇಜುಗಳಲ್ಲಿ ಈಗ ಅವಳ ಹೆಸರಿನಲ್ಲೇ ಪಾಠ ನಡೆಯುತ್ತದೆ. ನಮಗೆ ಮಾತ್ರ ಆ ರಾತ್ರಿ ಎಂಟು ಗಂಟೆಯ ಊಟದ ಮುಂದೆ ಪಾಠ ನಿಂತುಬಿಡುತ್ತದೆ.

ಅದೇ 1993ರಲ್ಲಿ ತಮಿಳುನಾಡಿನಲ್ಲಿ ಒಬ್ಬ ಕುರವರ ಆಳನ್ನು ಕಳ್ಳತನದ ಗುಮಾನಿಯ ಮೇಲೆ ಒಯ್ದು ಕೊಂದರು, ತಪ್ಪಿಸಿಕೊಂಡು ಹೋದ ಅಂದರು. ಕುರವರು ಅಂದರೆ ನಮ್ಮ ಕೊರಮ, ಕೊರಚರ ದಾಯಾದಿಗಳೇ. ಅವನ ಹೆಂಡತಿಯ ಪರವಾಗಿ ವಕೀಲ ಚಂದ್ರು ಹೈಕೋರ್ಟಿನಲ್ಲಿ ನಿಂತರು. ಪೊಲೀಸರಿಗೆ ಹೈಕೋರ್ಟಿನಲ್ಲಿ ಶಿಕ್ಷೆಯಾದದ್ದು 2006ರಲ್ಲಿ. 2021ರಲ್ಲಿ 'ಜೈ ಭೀಮ್' ಸಿನಿಮಾ ಬಂದಾಗ ನಾವೂ ಕೂತು ಅತ್ತೆವು. ಅದೇ ನಾವು ಬೇರೆ ಸಿನಿಮಾಗಳಲ್ಲಿ ಇನ್ಸ್‌ಪೆಕ್ಟರ್ ಹೀರೋ ಲಾಕಪ್ಪಿನಲ್ಲಿ ಯಾರನ್ನೋ ಬೆಂಡೆತ್ತುವಾಗ ಸಿಳ್ಳೆ ಹೊಡೆದವರು. ಇದನ್ನೂ ಬರೆದಿಡಬೇಕು.

ಆಮೇಲಿನದು ಆದೇಶಗಳ ಕಾಲ. 1996ರ ಡಿಸೆಂಬರ್ 18ರ ಡಿ.ಕೆ. ಬಸು ತೀರ್ಪಿನಲ್ಲಿ ಹನ್ನೊಂದು ಸೂಚನೆ: ಹಿಡಿಯುವ ಪೊಲೀಸಿನ ಎದೆ ಮೇಲೆ ಹೆಸರಿರಬೇಕು, ಮನೆಯವರಿಗೆ ತಿಳಿಸಬೇಕು, ನಲವತ್ತೆಂಟು ಗಂಟೆಗೊಮ್ಮೆ ಡಾಕ್ಟರು ನೋಡಬೇಕು, ಹೀಗೆ. ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಭಾರತ ರುಜು ಹಾಕಿತು, ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿ ಒಪ್ಪಿಕೊಳ್ಳಲಿಲ್ಲ. 2010ರಲ್ಲಿ ಲೋಕಸಭೆ ಪಾಸು ಮಾಡಿದ ಮಸೂದೆ ರಾಜ್ಯಸಭೆಯಲ್ಲಿ ಕೊಳೆತು ಹೋಯಿತು. ಮೊದಲು ಲಾಕಪ್ ಸಾವನ್ನು ವಿಚಾರಿಸುತ್ತಿದ್ದವರು ತಹಸೀಲ್ದಾರರು, ಅಸಿಸ್ಟೆಂಟ್ ಕಮಿಷನರುಗಳು, ಅಂದರೆ ಪೊಲೀಸರ ಜೊತೆ ವಾರವಾರ ಮೀಟಿಂಗಿನಲ್ಲಿ ಕೂರುವವರು. 2006ರಿಂದ ಅದು ನ್ಯಾಯಾಂಗದ ಮ್ಯಾಜಿಸ್ಟ್ರೇಟರ ಕೆಲಸ ಅಂತ ತಿದ್ದುಪಡಿ ಬಂತು. ಇದು ಒಳ್ಳೆಯ ಕೆಲಸ, ಒಪ್ಪೋಣ.

ಆದರೆ ಮೊಕದ್ದಮೆ ಹಾಕಬೇಕಾದರೆ ಸರ್ಕಾರದ ಅನುಮತಿ ಬೇಕು ಅನ್ನುವ ಬೀಗ ಹಾಗೇ ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಅಂಥ ಬೀಗ. ಠಾಣೆಯಲ್ಲಿ ಹೊಡೆದರು ಎಂಬ ದೂರಿನ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಬೀಗವನ್ನು ಇನ್ನಷ್ಟು ಬಿಗಿ ಮಾಡಿತು: ಕೆಲಸದ ಜೊತೆ ಸಂಬಂಧವಿರುವ ಅತಿರೇಕವಾದರೂ ಅನುಮತಿ ಬೇಕು. ಹೊಡೆಯುವುದು ಕೆಲಸವೋ ಕೆಲಸದ ಅತಿರೇಕವೋ ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಹೊಡೆಸಿದವರೇ.

ಇಲ್ಲಿ ನಮ್ಮದೇ ಮನೆಯ ಒಂದು ಮಾತು. ನಮ್ಮ ಜೊತೆ ಓದಿದ ಕೇರಿಯ ಹುಡುಗರಲ್ಲಿ ಕೆಲವರು ಪೊಲೀಸ್ ಪೇದೆಗಳಾಗಿದ್ದಾರೆ. ಮೀಸಲಾತಿಯಲ್ಲಿ ಸಿಕ್ಕ ಕೆಲಸ, ಅವ್ವನಿಗೆ ಮನೆ ಕಟ್ಟಿಕೊಟ್ಟ ಕೆಲಸ. ಹಬ್ಬಕ್ಕೆ ಬಂದಾಗ ಕೇಳಿದರೆ ತಲೆ ತಗ್ಗಿಸುತ್ತಾರೆ. 'ಸಾಹೇಬ್ರು ಹೊಡಿ ಅಂತಾರೆ ಕಣ್ರೋ, ಹೊಡೀದಿದ್ರೆ ನಮಗೇ ಮೆಮೊ' ಅನ್ನುತ್ತಾರೆ. ಕೇಸು ಪತ್ತೆಯಾದರೆ ಪದಕ ಸಾಹೇಬರಿಗೆ, ಸಾವಾದರೆ ಸಸ್ಪೆಂಡು ಪೇದೆಗೆ. 1855ರಲ್ಲಿ ಕಲೆಕ್ಟರನನ್ನು ಬಿಟ್ಟು ಕರಿಯ ಪೇದೆಯನ್ನು ಹಿಡಿದ ಆಯೋಗದ ಬುದ್ಧಿ ಇವತ್ತಿಗೂ ಸತ್ತಿಲ್ಲ. ಹಾಗಂತ ನಮ್ಮ ಹುಡುಗನ ಕೈಗೆ ಪಾಪ ಅಂಟಿಲ್ಲ ಅಂತ ನಾವು ಬರೆಯಲಾರೆವು. ಹೊಡೆಸಿಕೊಂಡವನು ಅವನ ಚಿಕ್ಕಪ್ಪನಂಥವನೇ ಆಗಿರುತ್ತಾನೆ.

ಆ ಅನುಮತಿಯ ತೀರ್ಪು ಬಂದದ್ದು 2020ರ ಜೂನ್ 18. ಮಾರನೆಯ ದಿನವೇ, ಜೂನ್ 19ರಂದು, ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಅಪ್ಪ, ಮಗ ಇಬ್ಬರನ್ನು ಠಾಣೆಗೆ ಒಯ್ದರು. ಲಾಕ್‌ಡೌನಿನ ಹೊತ್ತು ಮೀರಿ ಅಂಗಡಿ ತೆರೆದಿದ್ದರು ಅನ್ನುವುದು ಅಪರಾಧ. ಮಗ 22ರ ರಾತ್ರಿ ಸತ್ತ, ಅಪ್ಪ 23ರ ಬೆಳಿಗ್ಗೆ. ಠಾಣೆಯಲ್ಲಿ ಕ್ಯಾಮೆರಾ ಇತ್ತು. ಹೈಕೋರ್ಟಿನ ಆಜ್ಞೆ ಹಿಡಿದು ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಕಂಡದ್ದು, ಅದರ ಚಿತ್ರಗಳು ದಿನದಿನವೂ ತಾವಾಗಿಯೇ ಅಳಿಸಿಹೋಗುವ ಹಾಗೆ ಮಾಡಿಟ್ಟಿದ್ದು. ಎಲ್ಲ ಠಾಣೆಗೂ ಕ್ಯಾಮೆರಾ ಹಾಕಿ, ಚಿತ್ರ ಉಳಿಸಿಡಿ ಅಂತ ಸುಪ್ರೀಂ ಕೋರ್ಟು ಅದೇ ಡಿಸೆಂಬರಿನಲ್ಲಿ ಹೇಳಿತು.

ಕ್ಯಾಮೆರಾ ಹೇಳದ್ದನ್ನು ಆ ಠಾಣೆಯಲ್ಲಿ ಒಬ್ಬಳು ಹೇಳಿದಳು. ಹೆಡ್ ಕಾನ್ಸ್‌ಟೇಬಲ್ ಹೆಣ್ಣುಮಗಳು. ರಾತ್ರಿಯೆಲ್ಲ ಹೊಡೆದರು, ಮೇಜಿನ ಮೇಲೆ, ಲಾಠಿಯ ಮೇಲೆ ರಕ್ತವಿತ್ತು ಅಂತ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದಳು. ಹೊರಗೆ ಅವಳದೇ ಇಲಾಖೆಯ ಗಂಡಸರು ನಿಂತಿದ್ದರು. ಹೇಳಿದ್ದನ್ನು ಬರೆದು ಮುಗಿಸಿದ ಮೇಲೆ ರುಜು ಹಾಕಲು ಅವಳು ಹೆದರಿದಳು. ನಿನಗೆ ಏನೂ ಆಗದ ಹಾಗೆ ನೋಡಿಕೊಳ್ಳುತ್ತೇವೆ ಅಂತ ಧೈರ್ಯ ಹೇಳಬೇಕಾಯಿತು. ಬಹಳ ಹೊತ್ತಾದ ಮೇಲೆ ಪೆನ್ನು ತಗೊಂಡು ರುಜು ಹಾಕಿದಳು.